121 ಇಂಚಿನ ಸ್ಲೆಡ್‌ಗೆ ಉದ್ದದ ಟ್ರ್ಯಾಕ್: ಯಾವ ದಾರಿ ಯಾರಿಗೆ?

ಸ್ನೋಮೊಬೈಲಿನಲ್ಲಿ, ಅಂದರೆ ಇಲ್ಲಿನವರು ಸ್ಲೆಡ್ ಅನ್ನುವ ಹಿಮದ ಗಾಡಿಯಲ್ಲಿ, ಟ್ರೇಲ್ (ಹಿಮ ಒತ್ತಿ ಗಟ್ಟಿ ಮಾಡಿದ ದಾರಿ) ಬಿಟ್ಟು ಇಪ್ಪತ್ತು ಅಡಿ ಹೋಗಿದ್ದೆ ಅಷ್ಟೆ. ಗಾಡಿ ತಿರುಗಿಸಿಕೊಳ್ಳೋಣ ಅಂತ ಪಕ್ಕದ ಬಯಲಿಗೆ ಇಳಿಸಿದೆ. ಹಿಂಬದಿ ಕುಸಿಯಿತು. ಇನ್ನಷ್ಟು ಗ್ಯಾಸ್ ಕೊಟ್ಟೆ. ಟ್ರ್ಯಾಕ್, ಅಂದರೆ ಗಾಡಿಯನ್ನು ಮುಂದಕ್ಕೆ ತಳ್ಳುವ ಅಗಲದ ರಬ್ಬರ್ ಪಟ್ಟಿ, ತಿರುಗಿದ್ದೇ ತಿರುಗಿದ್ದು, ಗಾಡಿ ಮಾತ್ರ ಇಳಿಯುತ್ತಾ ಹೋಯಿತು. ಕೆಸರು ಗದ್ದೆಯಲ್ಲಿ ಕೇಜ್ ವೀಲ್ ಹಾಕದೆ ಇಳಿಸಿದ ಟ್ರ್ಯಾಕ್ಟರ್ ಹೂತುಕೊಳ್ಳುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಸೊಂಟದವರೆಗೆ ಹಿಮ, 500 ಪೌಂಡಿನ ಆಸುಪಾಸಿನ ಸ್ನೋಮೊಬೈಲ್, ಕೈಯಲ್ಲೊಂದು ಚಿಕ್ಕ ಸಲಿಕೆ. ಹೊರಗೆ ಬರಲು ಒಂದೂವರೆ ಗಂಟೆ ಹಿಡಿಯಿತು. ಅವತ್ತು ರಾತ್ರಿ ಒದ್ದೆ ಕೈಗವಸು ಒಣಗಿಸುತ್ತಾ ಉದ್ದದ ಟ್ರ್ಯಾಕ್ ಬಗ್ಗೆ ಓದಲು ಶುರು ಮಾಡಿದೆ.

ನಾನಿರುವುದು ಮಿಶಿಗನ್ ರಾಜ್ಯದ ಅಪ್ಪರ್ ಪೆನಿನ್ಸುಲಾದ ಹೋಟನ್‌ನಲ್ಲಿ. ಊರಿನ ಆಚೆ ಕೀವಿನಾ ಪರ್ಯಾಯದ್ವೀಪ, ಅದರ ಮೂರು ಕಡೆ ಸುಪೀರಿಯರ್ ಸರೋವರ. ತಣ್ಣನೆಯ ಗಾಳಿ ಸರೋವರದ ನೀರಿನ ಮೇಲೆ ಹಾದು ತೇವ ಹೀರಿಕೊಂಡು ಬಂದು ನಮ್ಮ ಮೇಲೆ ಹಿಮವಾಗಿ ಸುರಿಯುತ್ತದೆ. 1978-79ರ ಚಳಿಗಾಲದಲ್ಲಿ ಕೀವಿನಾದಲ್ಲಿ 390.4 ಇಂಚು ಬಿದ್ದಿತ್ತು. ಹೆದ್ದಾರಿ ಪಕ್ಕದಲ್ಲಿ ದೊಡ್ಡ ಥರ್ಮಾಮೀಟರ್ ಥರದ ಕಂಬ ನೆಟ್ಟು ಅದನ್ನು ಬರೆದಿದ್ದಾರೆ. ಮೂವತ್ತೆರಡು ಅಡಿಗೂ ಜಾಸ್ತಿ! ಇಲ್ಲಿಗೆ ಓದಲು ಬಂದು ಉಳಿದವರು, ಮಿನಿಯಾಪೊಲಿಸ್ ಅಥವಾ ಟೊರೊಂಟೊ ಕಡೆ ಕೆಲಸದಲ್ಲಿರುವವರು, ಹೀಗೆ ನಮ್ಮವರು ಹಲವರು ಈಗ ಹಳೆಯ ಟ್ರೇಲ್ ಸ್ಲೆಡ್ ಕೊಳ್ಳುತ್ತಿದ್ದಾರೆ. ಎರಡನೇ ಚಳಿಗಾಲಕ್ಕೆ ಎಲ್ಲರದ್ದೂ ಒಂದೇ ಪ್ರಶ್ನೆ: "ಇದಕ್ಕೆ ಉದ್ದದ ಟ್ರ್ಯಾಕ್ ಹಾಕಿಸಬಹುದಾ?"

ಹಾಕಿಸಬಹುದು. ಆದರೆ ಅದಕ್ಕೆ ಐದು ದಾರಿಗಳಿವೆ, ಐದರ ಖರ್ಚೂ ಬೇರೆ, ಫಲವೂ ಬೇರೆ. ಅದರಲ್ಲಿ ಮೂರನ್ನು ನಾನು ಒಂದೇ ಗಾಡಿಯ ಮೇಲೆ ಮಾಡಿ ನೋಡಿದ್ದೇನೆ. 600 ಸಿಸಿ ಎಂಜಿನ್, 15 ಇಂಚು ಅಗಲ, 121 ಇಂಚು ಉದ್ದ, ಒಂದೂಕಾಲು ಇಂಚಿನ ಲಗ್ (ಹಿಮ ಕಚ್ಚಲು ಟ್ರ್ಯಾಕಿನ ಹೊರಮೈಯಲ್ಲಿರುವ ರಬ್ಬರ್ ಉಬ್ಬು) ಇದ್ದ ಟ್ರ್ಯಾಕ್. ಸಾವಿರಾರು ಜನರ ಹತ್ತಿರ ಇರುವಂಥದ್ದೇ.

ಉದ್ದ ಮಾಡಿದರೆ ಏನಾಗುತ್ತದೆ

121 ಅನ್ನುವುದು ಟ್ರ್ಯಾಕಿನ ಪೂರ್ತಿ ಸುತ್ತಳತೆ. ಅದರಲ್ಲಿ ನೆಲಕ್ಕೆ ತಾಗುವುದು ಒಂದು ಭಾಗ ಮಾತ್ರ. 121ರಿಂದ 136ಕ್ಕೆ ಹೋದರೆ 15 ಇಂಚು ಸೇರಿತು ಅಂತ ಖುಷಿಪಡಬೇಡಿ. ಅರ್ಧ ಮೇಲೆ ಹೋಗುತ್ತದೆ, ಅರ್ಧ ಕೆಳಗೆ ಬರುತ್ತದೆ. ಹಿಂದಿನ ಆಕ್ಸಲ್ ಏಳೂವರೆ ಇಂಚು ಹಿಂದಕ್ಕೆ ಸರಿಯುತ್ತದೆ. 15 ಇಂಚು ಅಗಲಕ್ಕೆ ಲೆಕ್ಕ ಹಾಕಿದರೆ ಹಿಮದ ಮೇಲೆ ಸುಮಾರು 112 ಚದರ ಇಂಚು ಹೆಚ್ಚುವರಿ ಜಾಗ. ಅಷ್ಟಕ್ಕೇ ಗಾಡಿಯ ಸ್ವಭಾವ ಬದಲಾಗುತ್ತದೆ. ಮೆತ್ತನೆಯ ಹಿಮದಲ್ಲಿ ಬಾಲ ಅಷ್ಟು ಬೇಗ ಹೂಳುವುದಿಲ್ಲ. ಟ್ರೇಲ್ ಮೇಲಿನ ಸಾಲು ಸಾಲು ಉಬ್ಬುಗಳಲ್ಲಿ ಗಿಡ್ಡ ಟ್ರ್ಯಾಕ್ ಪ್ರತಿ ಗುಂಡಿಗೂ ಇಳಿದು ಏಳುತ್ತದೆ, ಉದ್ದದ್ದು ಒಂದರ ತಲೆಯಿಂದ ಇನ್ನೊಂದರ ತಲೆಗೆ ದಾಟಿಕೊಂಡು ಹೋಗುತ್ತದೆ. ಸೊಂಟ ನೋವಿರುವವರು ಹಿಮಕ್ಕಿಂತ ಈ ಕಾರಣಕ್ಕೇ 136 ಹಾಕಿಸುವುದೂ ಇದೆ. ಕಂಪನಿಗಳೂ ಈಗ ಟ್ರೇಲ್ ಗಾಡಿಗಳನ್ನು 129, 137 ಇಂಚಿನಲ್ಲೇ ಜಾಸ್ತಿ ಕೊಡುತ್ತಿವೆ.

ಕಳೆದುಕೊಳ್ಳುವುದೂ ಇದೆ. ತಿರುವಿನಲ್ಲಿ ಮೂಗು ಹೊರಗೆ ತಳ್ಳುತ್ತದೆ, ಅಂದರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೆ ಹೋಗಲು ನೋಡುತ್ತದೆ. ಮರಗಳ ನಡುವಿನ ಕಿರಿದಾದ ಟ್ರೇಲ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ತೂಕ ಹೆಚ್ಚುತ್ತದೆ, ಎಂಜಿನ್ನಿಗೆ ಎಳೆಯುವ ಕೆಲಸ ಹೆಚ್ಚುತ್ತದೆ.

ಕೊಳ್ಳುವ ಮುಂಚೆ ಟೇಪ್ ಹಿಡಿಯಿರಿ

ಟ್ರ್ಯಾಕಿನ ಒಳಮೈಯಲ್ಲಿ ಸಮದೂರದಲ್ಲಿ ಹಲ್ಲುಗಳಿರುತ್ತವೆ. ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ದೂರಕ್ಕೆ ಪಿಚ್ ಅನ್ನುತ್ತಾರೆ. ಹಳೆಯ ಟ್ರೇಲ್ ಗಾಡಿಗಳಲ್ಲಿ ಸಾಮಾನ್ಯವಾಗಿ 2.52 ಇಂಚು, ಈಚಿನವುಗಳಲ್ಲಿ 2.86, ಗುಡ್ಡ ಹತ್ತುವ ಗಾಡಿಗಳಲ್ಲಿ 3 ಇಂಚೂ ಇರುತ್ತದೆ. ಒಂದು ಹಲ್ಲಿನ ನಡುವಿನಿಂದ ಶುರು ಮಾಡಿ ಹತ್ತು ಪಿಚ್ ಅಳೆಯಿರಿ. 25.2 ಇಂಚು ಬಂದರೆ 2.52, 28.6 ಬಂದರೆ 2.86. ಟ್ರ್ಯಾಕಿನ ಹೆಸರೂ ಇದರಿಂದಲೇ ಬರುತ್ತದೆ. 2.52 ಇಂಚಿನ 48 ಪಿಚ್ ಸೇರಿದರೆ 121, 54 ಸೇರಿದರೆ 136, 57 ಸೇರಿದರೆ 144. 2.86 ಇಂಚಿನ 48 ಪಿಚ್ ಅಂದರೆ 137. ಯಾರಾದರೂ "137 ಇದೆ, ಒಂದು ಇಂಚಿನ ವ್ಯತ್ಯಾಸ ತಾನೆ, ಕೂರುತ್ತೆ" ಅಂದರೆ ನಂಬಬೇಡಿ. ಪಿಚ್ ಬೇರೆಯಾದರೆ ಡ್ರೈವ್ ಶಾಫ್ಟ್ ಮೇಲಿನ ಡ್ರೈವರ್‌ಗಳು, ಅಂದರೆ ಟ್ರ್ಯಾಕ್ ತಿರುಗಿಸುವ ಹಲ್ಲಿನ ಚಕ್ರಗಳು, ಅದಕ್ಕೆ ಹೊಂದುವುದೇ ಇಲ್ಲ. ಅವನ್ನೂ ಬದಲಿಸಬೇಕು.

ಎರಡನೆಯದು ಲಗ್ ಎತ್ತರ. ಉದ್ದದ ಬಗ್ಗೆ ಮಾತಾಡುವ ಅರ್ಧದಷ್ಟಾದರೂ ಜನ ಇದರ ಬಗ್ಗೆ ಮಾತಾಡಿದ್ದರೆ ನನಗೆ ಒಂದು ರೇಡಿಯೇಟರ್ ಉಳಿಯುತ್ತಿತ್ತು. ಮೊದಲ ಸಲ ಟ್ರ್ಯಾಕ್ ತಂದಾಗ ಮುಕ್ಕಾಲು ಇಂಚು ಎತ್ತರ ಜಾಸ್ತಿ ಇರುವುದನ್ನು ತಂದೆ, 2 ಇಂಚಿನದು. ಮಾರಿದ ಅಂಗಡಿಯವರು ಕೂರುತ್ತದೆ ಅಂದಿದ್ದರು. ಸ್ಟ್ಯಾಂಡ್ ಮೇಲೆ ಕೈಯಿಂದ ತಿರುಗಿಸಿದಾಗ ಎಲ್ಲೂ ತಾಗಲಿಲ್ಲ. ಆದರೆ ವೇಗ ಏರಿದಾಗ ಲಗ್‌ಗಳು ಹೊರಕ್ಕೆ ಸೆಟೆದು ನಿಲ್ಲುತ್ತವೆ, ಟ್ರ್ಯಾಕೂ ಸ್ವಲ್ಪ ಉಬ್ಬುತ್ತದೆ. ಮೊದಲ ದಿನ ಕಾಲಡಿಯಿಂದ ಸಣ್ಣಗೆ ಟರ್ರ್ ಅನ್ನುವ ಸದ್ದು ಬರುತ್ತಿತ್ತು. ಹೊಸ ಟ್ರ್ಯಾಕ್, ಹೀಗೇ ಇರಬಹುದು ಅಂದುಕೊಂಡೆ. ಹತ್ತು ಮೈಲಿ ಆದ ಮೇಲೆ ಟೀ ಕುಡಿಯಲು ನಿಲ್ಲಿಸಿದೆ. ಬಿಳಿ ಹಿಮದ ಮೇಲೆ ಒಂದೊಂದೇ ಹಸಿರು ಹನಿ ಬೀಳುತ್ತಿತ್ತು. ಡ್ರೈವ್ ಶಾಫ್ಟ್ ಮುಂದಿರುವ ಹೀಟ್ ಎಕ್ಸ್‌ಚೇಂಜರ್ ಅನ್ನು, ಅಂದರೆ ಈ ಗಾಡಿಯ ರೇಡಿಯೇಟರನ್ನು, ಲಗ್‌ಗಳು ಕೆರೆದು ಕೆರೆದು ತೂತು ಮಾಡಿದ್ದವು. ಕೂಲೆಂಟ್ ಇಲ್ಲದ ಗಾಡಿಯನ್ನು ಎಳೆಸಿಕೊಂಡು ಮನೆಗೆ ಬಂದೆ.

ಲೆಕ್ಕ ಕಷ್ಟವಿಲ್ಲ. 2.52 ಪಿಚ್‌ನ ಡ್ರೈವರ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಅದರ ತ್ರಿಜ್ಯ 0.4 ಇಂಚು ಕಡಿಮೆಯಾಗುತ್ತದೆ. ಅಂದರೆ 9 ಹಲ್ಲಿನದನ್ನು ತೆಗೆದು 8 ಹಲ್ಲಿನದು ಹಾಕಿದರೆ ಸುತ್ತಲೂ 0.4 ಇಂಚು ಜಾಗ ಸಿಗುತ್ತದೆ. ನಾನು ಸೇರಿಸಿದ್ದು 0.75. ಎಲ್ಲಿ ಸಾಲುತ್ತದೆ? ಡ್ರೈವರ್ ಚಿಕ್ಕದಾದರೆ ಇನ್ನೊಂದು ಪರಿಣಾಮವೂ ಇದೆ. ಒಂದು ಸುತ್ತಿಗೆ 22.68 ಇಂಚು ಓಡುತ್ತಿದ್ದ ಟ್ರ್ಯಾಕ್ ಈಗ 20.16 ಓಡುತ್ತದೆ, ಸುಮಾರು ಶೇ 11 ಕಡಿಮೆ. ಎಳೆತಕ್ಕೆ ಒಳ್ಳೆಯದು, ಟಾಪ್ ಸ್ಪೀಡಿಗೆ ಪೆಟ್ಟು. ಸ್ಪೀಡೋಮೀಟರ್ ಸೆನ್ಸರ್ ಡ್ರೈವ್ ಶಾಫ್ಟಿನಿಂದ ಓದುವ ಗಾಡಿಯಾದರೆ ಅದು ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸಲು ಶುರು ಮಾಡುತ್ತದೆ.

ಮೊದಲ ದಾರಿ: ಉದ್ದ ಬಿಡಿ, ಲಗ್ ಮಾತ್ರ ಬದಲಿಸಿ

ನೂರಕ್ಕೆ ತೊಂಬತ್ತು ಭಾಗ ಟ್ರೇಲ್ ಮೇಲೇ ಓಡಿಸುವವರಿಗೆ ಇಷ್ಟೇ ಸಾಕು. 121 ಉದ್ದವೇ ಇರಲಿ, ಒಂದೂಕಾಲು ಇಂಚಿನ ಲಗ್ ಬದಲು ಒಂದೂವರೆ ಇಂಚಿನದು ಹಾಕಿಸಿ. ಕಾಲು ಇಂಚು ತಾನೆ ಅನ್ನಿಸಬಹುದು, ಹೊಸದಾಗಿ ಬಿದ್ದ ಆರೇಳು ಇಂಚು ಹಿಮದಲ್ಲಿ ಹಿಡಿತ ಚೆನ್ನಾಗಿ ಗೊತ್ತಾಗುತ್ತದೆ. ಕೊರೆಯುವುದಿಲ್ಲ, ಕತ್ತರಿಸುವುದಿಲ್ಲ, ಗೇರಿಂಗ್ ಮುಟ್ಟಬೇಕಾಗಿಲ್ಲ. ಆದರೆ ಆಳ ಹಿಮದಲ್ಲಿ ಹೂಳುವುದು ಇದರಿಂದ ನಿಲ್ಲುವುದಿಲ್ಲ. ಅಲ್ಲಿ ತೇಲಲು ಜಾಗ ಬೇಕು, ಲಗ್ ಜಾಗ ಕೊಡುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಎರಡು ಇಂಚಿನ ಲಗ್ ಗಟ್ಟಿ ಟ್ರೇಲ್‌ಗೆ ಅಲ್ಲ. ಆ ಲಗ್‌ಗಳು ಮೆತ್ತಗಿರುತ್ತವೆ. ಮಾರ್ಚ್ ತಿಂಗಳಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಟ್ರೇಲ್ ಮೇಲೆ ಗಂಟೆಗಟ್ಟಲೆ ಓಡಿಸಿದರೆ ಬಿಸಿಯಾಗಿ ತುಂಡು ತುಂಡಾಗಿ ಹಾರುತ್ತವೆ. ಸ್ಟಡ್, ಅಂದರೆ ಹಿಡಿತಕ್ಕೆ ಟ್ರ್ಯಾಕಿಗೆ ಹಾಕುವ ಲೋಹದ ಮೊಳೆ, ಹಾಕಿ ಐಸ್ ಮೇಲೆ ಓಡಿಸುವವರಿಗೂ ಉದ್ದ ಲಗ್ ತೊಂದರೆಯೇ. ಸ್ಟಡ್ಡಿನ ತುದಿ ಲಗ್‌ಗಿಂತ ಮೇಲಿರಬೇಕಲ್ವಾ? ಲಗ್ ಎತ್ತರವಾದಷ್ಟೂ ಸ್ಟಡ್ ಉದ್ದವಾಗುತ್ತದೆ, ಸುಲಭವಾಗಿ ಬಾಗುತ್ತದೆ, ಟ್ರ್ಯಾಕನ್ನೇ ಹರಿಯುತ್ತದೆ.

ಎರಡು ಮತ್ತು ಮೂರನೆಯ ದಾರಿ: 136, ಆದರೆ ಹೇಗೆ?

ಹೆಚ್ಚಿನವರ ಪ್ರಶ್ನೆ ನಿಜವಾಗಿ ಇದು. ಇರುವ ಸ್ಕಿಡ್‌ಗೆ, ಅಂದರೆ ಹಿಂದಿನ ಸಸ್ಪೆನ್ಷನ್ನಿಗೆ, ರೈಲ್ ಎಕ್ಸ್‌ಟೆನ್ಷನ್ ಸೇರಿಸಿ ಉದ್ದ ಮಾಡುವುದೋ, ಅಥವಾ 136 ಇಂಚಿನ ಗಾಡಿಯೊಂದರ ಪೂರ್ತಿ ಸ್ಕಿಡ್ ತಂದು ಕೂರಿಸುವುದೋ?

ಎಕ್ಸ್‌ಟೆನ್ಷನ್ ಅಗ್ಗ, ಒಂದು ವಾರಾಂತ್ಯದ ಕೆಲಸ. ರೈಲಿನ, ಅಂದರೆ ಟ್ರ್ಯಾಕ್ ಜಾರಿಕೊಂಡು ಓಡುವ ಸ್ಕಿಡ್ಡಿನ ಉದ್ದನೆಯ ಪಟ್ಟಿಯ, ಹಿಂದಿನ ತುದಿಗೆ ಅಲ್ಯೂಮಿನಿಯಂ ತುಂಡು ಬೋಲ್ಟ್ ಮಾಡಿ, ಆಕ್ಸಲನ್ನು ಅದರ ತುದಿಗೆ ಸರಿಸಿ, ಉದ್ದದ ಹೈಫ್ಯಾಕ್ಸ್ (ರೈಲಿನ ಕೆಳಗೆ ಕೂರುವ ಪ್ಲಾಸ್ಟಿಕ್ ಜಾರುಪಟ್ಟಿ) ತೂರಿಸಿ, ಟ್ರ್ಯಾಕ್ ಹಾಕಿದರೆ ಆಯಿತು. ಟನಲ್‌ಗೆ (ಟ್ರ್ಯಾಕಿನ ಮೇಲೆ ಮುಚ್ಚಿಕೊಂಡಿರುವ ಲೋಹದ ಚೌಕಟ್ಟು) ತೂತು ಕೊರೆಯಬೇಕಾಗಿಲ್ಲ. ನಾನು ಒಂದು ಚಳಿಗಾಲ ಪೂರ್ತಿ ಹೀಗೆ ಓಡಿಸಿದೆ. ಮೆತ್ತನೆಯ ಹಿಮದಲ್ಲಿ ಗಾಡಿ ನಿಜಕ್ಕೂ ತೇಲಿತು. ಹಿಂದಿನ ವರ್ಷ ಹೂತಿದ್ದ ಅದೇ ಬಯಲನ್ನು ಸುಮ್ನೆ ದಾಟಿಕೊಂಡು ಹೋದೆ, ಆ ಖುಷಿಯನ್ನು ಸುಳ್ಳು ಅನ್ನುವುದಿಲ್ಲ.

ತೊಂದರೆ ಬೇರೆ ಕಡೆ ಇದೆ. ರೈಲ್ ಉದ್ದವಾಯಿತು, ಆದರೆ ಅದನ್ನು ಹಿಡಿದಿರುವ ಎರಡು ಆರ್ಮ್‌ಗಳು ಇದ್ದಲ್ಲೇ ಇವೆ. ಹಿಂದಿನ ಆರ್ಮ್‌ನ ಆಚೆ ಒಂದು ಉದ್ದ ಬಾಲ ಅಷ್ಟೆ ಬೆಳೆದಿದೆ. ಉಬ್ಬಿನ ಮೇಲೆ ಬಂದಾಗ ಆ ಬಾಲ ಸನ್ನೆಕೋಲಿನಂತೆ ಕೆಲಸ ಮಾಡಿ ಹಿಂದಿನಿಂದ ಎತ್ತಿ ಒಗೆಯುತ್ತದೆ. ತಿರುವಿನಲ್ಲಿ ಗಾಡಿ ನೇರಕ್ಕೇ ಎಳೆಯುತ್ತದೆ. ಲಿಮಿಟರ್ ಸ್ಟ್ರಾಪ್ (ಸ್ಕಿಡ್ಡಿನ ಮುಂಭಾಗ ಎಷ್ಟು ಕೆಳಗಿಳಿಯಬೇಕು ಅಂತ ತಡೆಯುವ ಪಟ್ಟಿ) ಒಂದು ತೂತು ಬಿಗಿ ಮಾಡಿದರೆ ಮುಂದಿನ ಸ್ಕೀಗಳ ಮೇಲೆ ಭಾರ ಬಿದ್ದು ಸ್ವಲ್ಪ ಸರಿಹೋಗುತ್ತದೆ. ಆದರೆ ಆಳ ಹಿಮಕ್ಕೆ ಹೋದಾಗ ಮತ್ತೆ ಸಡಿಲ ಮಾಡಬೇಕು, ಇಲ್ಲದಿದ್ದರೆ ಮೂಗು ಇಳಿಯುತ್ತದೆ. ಏಪ್ರಿಲ್‌ನಲ್ಲಿ ಸ್ಕಿಡ್ ಬಿಚ್ಚಿ ತೊಳೆದಾಗ ಎಡಗಡೆ ರೈಲಿನಲ್ಲಿ, ಎಕ್ಸ್‌ಟೆನ್ಷನ್ ಸೇರುವ ಬೋಲ್ಟ್ ತೂತಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಬಾಲದ ಹೊಡೆತವೆಲ್ಲ ಬಂದು ಸೇರುವುದು ಆ ಜಾಗಕ್ಕೇ.

ಎಕ್ಸ್‌ಟೆನ್ಷನ್ನೇ ಹಾಕುವುದಾದರೆ ಎರಡು ವಿಷಯ ನೋಡಿ. ತುದಿ ಸ್ವಲ್ಪ ಮೇಲಕ್ಕೆ ಬಾಗಿದ ನಮೂನೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಗಟ್ಟಿ ಟ್ರೇಲ್‌ನಲ್ಲಿ ಕೊನೆಯ ಕೆಲವು ಇಂಚು ನೆಲ ಬಿಟ್ಟು ನಿಲ್ಲುವುದರಿಂದ ತಿರುವು ಹಗುರವಾಗುತ್ತದೆ, ಆ ಇಂಚುಗಳು ಮೆತ್ತನೆಯ ಹಿಮದಲ್ಲಿ ಮಾತ್ರ ಹಿಮಕ್ಕೆ ತಾಗಿ ಕೆಲಸಕ್ಕೆ ಬರುತ್ತವೆ. ಇನ್ನೊಂದು, ತುಂಡು ಹಳೆಯ ರೈಲಿನ ಮೇಲೆ ಎಷ್ಟು ಉದ್ದಕ್ಕೆ ಹೊದ್ದುಕೊಂಡು ಕೂರುತ್ತದೆ ಅಂತ ಅಳೆಯಿರಿ. ಹೊದಿಕೆ ಉದ್ದವಿದ್ದಷ್ಟೂ, ಬೋಲ್ಟ್ ದೂರ ದೂರವಿದ್ದಷ್ಟೂ ಬಿರುಕಿನ ಭಯ ಕಡಿಮೆ.

ಮುಂದಿನ ಚಳಿಗಾಲಕ್ಕೆ ಪೂರ್ತಿ ಸ್ಕಿಡ್ ಹುಡುಕಿದೆ. ಅದೇ ಕಂಪನಿಯ, ಅದೇ ಚಾಸಿಯ 136 ಇಂಚಿನ ಗಾಡಿಯೊಂದು ಎಂಜಿನ್ ಹೋಗಿ ಬಿಡಿಭಾಗಗಳಿಗೆ ಮಾರಾಟಕ್ಕಿತ್ತು. ಟ್ರ್ಯಾಕ್, ಸ್ಕಿಡ್, ಸ್ನೋ ಫ್ಲಾಪ್ (ಗಾಡಿಯ ಹಿಂದೆ ಜೋಲುವ, ಹಿಮ ತಡೆಯುವ ಹಾಳೆ) ಮೂರೂ ಒಟ್ಟಿಗೆ ಸಿಕ್ಕಿತು. ಪಕ್ಕದ ಮನೆಯ ಅಜ್ಜ, ಇಲ್ಲಿನ ಬಹಳಷ್ಟು ಜನರಂತೆ ಫಿನ್‌ಲ್ಯಾಂಡ್ ಮೂಲದವರು, ಜೊತೆಗೆ ಬಂದಿದ್ದರು. ನಾನು ಬೋಲ್ಟ್ ಬಿಚ್ಚಲು ಕೈ ಹಾಕಿದರೆ ತಡೆದರು. ಮೊದಲು ಡ್ರೈವ್ ಶಾಫ್ಟ್ ನಡುಮಧ್ಯದಿಂದ ಮುಂದಿನ ಆರ್ಮ್ ಬೋಲ್ಟಿಗೆ ಎಷ್ಟು, ಹಿಂದಿನ ಆರ್ಮ್ ಬೋಲ್ಟಿಗೆ ಎಷ್ಟು, ಟನಲ್ಲಿನ ಮೇಲಂಚಿನಿಂದ ಕೆಳಕ್ಕೆ ಎಷ್ಟು, ಎಲ್ಲ ಅಳೆಸಿದರು. ಶಿಕಾಗೋದಿಂದ ದಿನಸಿ ತಂದ ರಟ್ಟಿನ ಡಬ್ಬ ಕಾರಲ್ಲಿತ್ತು. ಅದನ್ನು ಹರಿದು ಟನಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು, ಬೋಲ್ಟಿನ ಜಾಗಕ್ಕೆ ಪೆನ್ಸಿಲ್ ಚುಚ್ಚಿ ಟೆಂಪ್ಲೇಟ್ ಮಾಡಿದೆವು. ಸ್ಕಿಡ್ ಬಿಚ್ಚಿ ಮನೆಗೆ ತಂದ ಮೇಲೆ ಆ ಅಳತೆ ಎಲ್ಲಿಂದ ಸಿಗುತ್ತಿತ್ತು?

ನಮ್ಮ ಗಾಡಿಯಲ್ಲಿ ಮುಂದಿನ ಆರ್ಮ್ ಹಳೆಯ ತೂತಿಗೇ ಬಂತು. ಹಿಂದಿನದಕ್ಕೆ ಹೊಸ ತೂತು ಕೊರೆದು ಒಳಗಡೆಯಿಂದ ದಪ್ಪ ಅಲ್ಯೂಮಿನಿಯಂ ಪ್ಲೇಟ್ ಕೊಟ್ಟು ಬಿಗಿದೆವು. ಟನಲ್ಲಿನ ತಗಡು ತೆಳ್ಳಗಿರುತ್ತದೆ, ಪ್ಲೇಟ್ ಇಲ್ಲದೆ ಬರಿ ತೂತಿಗೆ ಬಿಗಿದರೆ ಹರಿದು ಅಗಲವಾಗುತ್ತದೆ. ಬೇರೆ ಚಾಸಿಯ ಸ್ಕಿಡ್ ಆಗಿದ್ದರೆ ಎರಡೂ ಆರ್ಮ್‌ಗೆ ಬ್ರ್ಯಾಕೆಟ್ ಮಾಡಿಸಬೇಕಿತ್ತು. ಅದು ಅನುಭವಿಗಳ ಕೆಲಸ, ಮೊದಲ ಸಲ ಮಾಡುವವರು ಅದಕ್ಕೆ ಹೋಗದಿರುವುದು ಒಳ್ಳೆಯದು.

ವ್ಯತ್ಯಾಸ ಮೊದಲ ಉಬ್ಬಿನಲ್ಲೇ ಗೊತ್ತಾಯಿತು. ಹೋಟನ್‌ನಿಂದ ಮಾಸ್ ಸಿಟಿ ಕಡೆಗೆ ಹಳೆಯ ರೈಲು ಹಳಿಯ ಜಾಗದಲ್ಲಿ ಬಿಲ್ ನಿಕೋಲ್ಸ್ ಟ್ರೇಲ್ ಇದೆ. ಫೈರ್‌ಸ್ಟೀಲ್ ನದಿಯ ಎತ್ತರದ ಸೇತುವೆಗಳನ್ನು ದಾಟಿ ಹೋಗುವ ದಾರಿ. ಶನಿವಾರ ಸಂಜೆ ಹೊತ್ತಿಗೆ ನೂರಾರು ಗಾಡಿ ಓಡಿ ಅಲೆ ಅಲೆಯಾಗಿರುತ್ತದೆ. ಎಕ್ಸ್‌ಟೆನ್ಷನ್ ಇದ್ದಾಗ ಅಲ್ಲಿ ಪೂರ್ತಿ ನಿಂತೇ ಓಡಿಸುತ್ತಿದ್ದೆ. ಈಗ ಕೂತು ಬರುತ್ತೇನೆ. ಉದ್ದ ಒಂದೇ, ಟ್ರ್ಯಾಕಿನ ನಮೂನೆ ಒಂದೇ, ಆರ್ಮ್‌ಗಳು ರೈಲಿಗೆ ಸರಿಯಾದ ಜಾಗದಲ್ಲಿವೆ ಅನ್ನುವುದಷ್ಟೇ ಬೇರೆ. ಖರ್ಚು ಎಕ್ಸ್‌ಟೆನ್ಷನ್‌ಗಿಂತ ಜಾಸ್ತಿ ಆಯಿತು, ನಿಜ. ಆದರೆ ಎಕ್ಸ್‌ಟೆನ್ಷನ್ನಿಗೆ ಹೊಸ ಟ್ರ್ಯಾಕ್ ಬೇರೆ ಕೊಳ್ಳಬೇಕು, ಟ್ರ್ಯಾಕ್ ಒಂದಕ್ಕೇ ನೂರಾರು ಡಾಲರ್. ಹಳೆಯ ಗಾಡಿಯ ಸ್ಕಿಡ್ ಜೊತೆ ಟ್ರ್ಯಾಕ್ ಬಂದರೆ ಅಂತರ ಬಹಳ ಕಡಿಮೆಯಾಗುತ್ತದೆ. ನನ್ನ ಒಟ್ಟು ಮಾತು: 136 ಬೇಕಾದರೆ ಒಂದು ಚಳಿಗಾಲ ಕಾದರೂ ಪರವಾಗಿಲ್ಲ, ಪೂರ್ತಿ ಸ್ಕಿಡ್ ಹಾಕಿ.

ಎರಡರಲ್ಲಿ ಯಾವುದನ್ನು ಮಾಡಿದರೂ ಸ್ನೋ ಫ್ಲಾಪ್ ಮರೆಯಬೇಡಿ. ಟ್ರ್ಯಾಕ್ ಈಗ ಟನಲ್ಲಿನ ಹೊರಗೆ ಚಾಚಿಕೊಂಡಿರುತ್ತದೆ. ಅದು ಎಸೆಯುವ ಹಿಮ ಟನಲ್ಲಿನ ಒಳಗೆ ಬಿದ್ದರೆ ತಾನೆ ಹೀಟ್ ಎಕ್ಸ್‌ಚೇಂಜರ್ ತಣ್ಣಗಾಗುವುದು? ಫ್ಲಾಪ್ ಗಿಡ್ಡವಾಗಿದ್ದರೆ ಹಿಮವೆಲ್ಲ ಹಿಂದಕ್ಕೆ ಹಾರಿ ಎಂಜಿನ್ ಬಿಸಿಯಾಗುತ್ತದೆ, ಹೈಫ್ಯಾಕ್ಸ್ ಒಣಗಿ ಸವೆಯುತ್ತದೆ, ಹಿಂದೆ ಬರುವವರ ಮುಖಕ್ಕೂ ಹೊಡೆಯುತ್ತದೆ.

144 ಮತ್ತು ಅದಕ್ಕಿಂತ ಉದ್ದ

ಟ್ರೇಲ್ ಗಾಡಿಯನ್ನು ಇಲ್ಲಿಯವರೆಗೆ ಎಳೆಯಬೇಡಿ ಅನ್ನುವುದು ನನ್ನ ಸಲಹೆ. ಹಿಂದಿನ ಆಕ್ಸಲ್ ಹನ್ನೊಂದು ಇಂಚಿಗೂ ಹೆಚ್ಚು ಹಿಂದೆ ಹೋಗುತ್ತದೆ. ಟನಲ್ ಉದ್ದ ಮಾಡಬೇಕು, ಹಿಂದಿನ ಬಂಪರ್ ಬದಲಿಸಬೇಕು, ಚೈನ್‌ಕೇಸ್‌ನಲ್ಲಿ (ಎಂಜಿನ್ ಬಲವನ್ನು ಡ್ರೈವ್ ಶಾಫ್ಟಿಗೆ ಕೊಡುವ ಚೈನಿನ ಪೆಟ್ಟಿಗೆ) ಗೇರ್ ಇಳಿಸಬೇಕು, ಕ್ಲಚ್ ಹೊಸದಾಗಿ ಹೊಂದಿಸಬೇಕು, ಅಗಲದ ಸ್ಕೀ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೂ ಹ್ಯಾಂಡಲ್ ಎತ್ತರ, ಕೂರುವ ಜಾಗ, ಸ್ಕೀಗಳ ನಡುವಿನ ಅಗಲ ಎಲ್ಲ ಟ್ರೇಲ್ ಗಾಡಿಯದ್ದೇ ಉಳಿಯುತ್ತದೆ. ಸ್ಕೀಗಳ ನಡುವೆ ಅಗಲ ಜಾಸ್ತಿ ಇರುವ ಗಾಡಿಯನ್ನು ಆಳ ಹಿಮದಲ್ಲಿ ಒಂದು ಪಕ್ಕಕ್ಕೆ ವಾಲಿಸಿ ತಿರುಗಿಸುವುದು ತುಂಬಾ ಕಷ್ಟ.

ಮಾರಿ, ಉದ್ದದ್ದನ್ನೇ ಕೊಳ್ಳುವುದು

ಗಾಡಿ ಮೇಲೆ ಪ್ರೀತಿ ಬೆಳೆದಿರುತ್ತದೆ, ಮಾರಲು ಮನಸ್ಸು ಬರುವುದಿಲ್ಲ. ಆದರೂ ಕಾಗದ ಪೆನ್ನು ಹಿಡಿದು ಕೂತುಕೊಳ್ಳಿ. ಸ್ಕಿಡ್, ಟ್ರ್ಯಾಕ್, ಹೈಫ್ಯಾಕ್ಸ್, ಬೇರಿಂಗ್, ಗೇರು, ಬೇಕಾದರೆ ಡ್ರೈವರ್, ಗ್ಯಾರೇಜಿನವರ ಕೂಲಿ ಎಲ್ಲ ಬರೆಯಿರಿ. ಬದಲಾಯಿಸಿದ ಗಾಡಿಗೆ ಮಾರುವಾಗ ಆ ದುಡ್ಡು ವಾಪಸ್ ಬರುವುದಿಲ್ಲ ಅನ್ನುವುದನ್ನೂ ಸೇರಿಸಿ. ಪೊಲಾರಿಸ್ ಸ್ವಿಚ್‌ಬ್ಯಾಕ್, ಸ್ಕೀ-ಡೂ ರೆನೆಗೇಡ್ ಥರದ ಕ್ರಾಸ್‌ಓವರ್ ಗಾಡಿಗಳು, ಅಂದರೆ ಟ್ರೇಲ್‌ಗೂ ಆಳ ಹಿಮಕ್ಕೂ ಆಗುವಂಥವು, ಹಳೆಯವು ಮಾರುಕಟ್ಟೆಯಲ್ಲಿ ಸಿಗುತ್ತವೆ. ಟನಲ್, ಕೂಲಿಂಗ್, ಗೇರಿಂಗ್ ಎಲ್ಲ ಕಾರ್ಖಾನೆಯಿಂದಲೇ ಆ ಉದ್ದಕ್ಕೆ ಹೊಂದಿಕೊಂಡಿರುತ್ತವೆ. ನಿಮ್ಮ ಎಂಜಿನ್ ಹೊಸದಾಗಿ ರೀಬಿಲ್ಡ್ ಆಗಿಲ್ಲ, ಸಲಕರಣೆ ಹಿಡಿದು ಕೆಲಸ ಮಾಡುವ ಆಸೆಯೂ ಇಲ್ಲ ಅನ್ನುವುದಾದರೆ ನಾನು ಇದನ್ನೇ ಹೇಳುತ್ತೇನೆ. ಯಮಹಾ 2025ರ ಮಾಡೆಲ್‌ಗಳೊಂದಿಗೆ ಸ್ನೋಮೊಬೈಲ್ ಮಾರಾಟಕ್ಕೆ ವಿದಾಯ ಹೇಳಿದೆ. ಅವರ ಗಾಡಿ ಇಟ್ಟುಕೊಂಡವರು ದೊಡ್ಡ ಖರ್ಚಿಗೆ ಕೈ ಹಾಕುವ ಮುಂಚೆ ಹತ್ತಿರದಲ್ಲಿ ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿಕೊಳ್ಳಿ.

ಉದ್ದ ಟ್ರ್ಯಾಕ್ ಬಂದ ಮೇಲೆ ಟ್ರೇಲ್ ಬಿಟ್ಟು ಹೋಗುವ ಆಸೆ ಬಂದೇ ಬರುತ್ತದೆ. ಕೀವಿನಾದ ಟ್ರೇಲ್‌ಗಳು ಬಹಳಷ್ಟು ಕಡೆ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯಿಂದ ಹಾದುಹೋಗುತ್ತವೆ. ಹೊಸದಾಗಿ ಸಸಿ ನೆಟ್ಟ ಜಾಗದ ಮೇಲೆ ನಾಲ್ಕು ಜನ ಓಡಿಸಿದರೆ ಮುಂದಿನ ವರ್ಷ ಆ ಟ್ರೇಲೇ ಮುಚ್ಚಬಹುದು. ನೆಲ ಯಾರದ್ದು ಅಂತ ನಕ್ಷೆಯಲ್ಲಿ ನೋಡಿಕೊಂಡೇ ಇಳಿಯಿರಿ.

ಕೆಲಸ ಮುಗಿದ ಮೇಲೆ, ಹಿಮಕ್ಕೆ ಇಳಿಸುವ ಮುಂಚೆ, ಒಂದು ಪರೀಕ್ಷೆ ಮಾಡಿ. ಶಾಕ್ ಮತ್ತು ಸ್ಪ್ರಿಂಗ್ ಬಿಚ್ಚಿಟ್ಟು ಸ್ಕಿಡ್ ಅನ್ನು ಜ್ಯಾಕ್ ಕೊಟ್ಟು ಪೂರ್ತಿ ಮೇಲಕ್ಕೆ ಎತ್ತಿ. ಆ ಸ್ಥಿತಿಯಲ್ಲಿ ಲಗ್‌ಗಳು ಟನಲ್, ಹೀಟ್ ಎಕ್ಸ್‌ಚೇಂಜರ್, ಹಿಂದಿನ ಬಂಪರ್ ಎಲ್ಲಿಗಾದರೂ ತಾಗುತ್ತವೆಯಾ ಅಂತ ಟಾರ್ಚ್ ಹಾಕಿ ನೋಡಿ. ಬೆರಳು ಆರಾಮಾಗಿ ಹೋಗುವಷ್ಟು ಜಾಗ ಇರಬೇಕು. ಟ್ರ್ಯಾಕ್ ಎಷ್ಟು ಜೋಲಬೇಕು ಅನ್ನುವುದು ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅಂದಾಜಿಗೆ ಬಿಗಿಯಬೇಡಿ. ಮೊದಲ ದಿನ ಹತ್ತು ಮೈಲಿಗೆ ಒಮ್ಮೆ ನಿಲ್ಲಿಸಿ. ಟ್ರ್ಯಾಕ್ ಎರಡೂ ಪಕ್ಕ ರೈಲಿನಿಂದ ಸಮದೂರದಲ್ಲಿದೆಯಾ ನೋಡಿ, ಹೊಸ ಬೋಲ್ಟ್‌ಗಳಿಗೆಲ್ಲ ಸ್ಪ್ಯಾನರ್ ಹಾಕಿ, ಕೆಳಗೆ ಹಿಮದ ಮೇಲೆ ಬಣ್ಣದ ಹನಿ ಏನಾದರೂ ಬಿದ್ದಿದೆಯಾ ಅಂತ ಬಗ್ಗಿ ನೋಡಿ. ಸಲಿಕೆ ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಡಿ. 136 ಇದ್ದರೂ ಕೀವಿನಾದ ಹಿಮದಲ್ಲಿ ಅದು ಬೇಕಾಗುತ್ತದೆ.